ಒಂದು ಪಂದ್ಯ, ಎರಡು ಚೆಂಡು

ನೆರೆಹೊರೆಯ ಎರಡು ದೇಶಗಳು ಅಂತಿಮ ಪಂದ್ಯದಲ್ಲಿ ಎದುರಾದರೆ ಆಟವು ಆಟವಾಗಿಯೇ ಉಳಿಯುವುದು ಕಷ್ಟ. ದೂರದವನಿಗೆ ಸೋತರೆ ಒಂದು ರಾತ್ರಿಯ ದುಃಖ. ಪಕ್ಕದ ಮನೆಯವನಿಗೆ ಸೋತರೆ, ಬೆಳಗಾದ ಮೇಲೆ ಅವನಿಗೇ ಮುಖ ತೋರಿಸಬೇಕಲ್ಲ ಎಂಬ ಸಂಕಟ. ದೊಡ್ಡ ಪಂದ್ಯವಿದ್ದ ದಿನ ಗಿರಾಕಿಗಳ ಮೇಜುಗಳ ನಡುವೆ ಓಡಾಡುತ್ತಲೇ ಒಂದು ಕಣ್ಣನ್ನು ಟೆಲಿವಿಷನ್ನಿನ ಮೇಲಿಟ್ಟಿರುವ ನಮ್ಮ ತರುಣರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ವಿಶ್ವಕಪ್ ಕಾಲ್ಚೆಂಡಾಟಕ್ಕೆ 2030ರಲ್ಲಿ ನೂರು ವರ್ಷ ತುಂಬುತ್ತದೆ. ಅದರ ಮೊತ್ತಮೊದಲ ಅಂತಿಮ ಪಂದ್ಯವೇ ಇಂಥ ದಾಯಾದಿಗಳ ಪಂದ್ಯವಾಗಿತ್ತು. 1930ರ ಜುಲೈ 30ರಂದು ದಕ್ಷಿಣ ಅಮೆರಿಕದ ಮಾಂಟೆವಿಡಿಯೋ ನಗರದಲ್ಲಿ ಉರುಗ್ವೆ ಮತ್ತು ಅರ್ಜೆಂಟೀನ ಆಡಿದ ಆ ಪಂದ್ಯದಲ್ಲಿ ನಮ್ಮಂಥವರು ತಿಳಿದುಕೊಳ್ಳಬೇಕಾದ ಸಂಗತಿಗಳಿವೆ.

ಈ ಎರಡು ದೇಶಗಳ ರಾಜಧಾನಿಗಳ ನಡುವೆ ಹರಿಯುವುದು ಲಾ ಪ್ಲಾಟಾ ಎಂಬ ಒಂದು ವಿಶಾಲವಾದ ನದಿ. ಈ ದಡದಲ್ಲಿ ಮಾಂಟೆವಿಡಿಯೋ, ಆ ದಡದಲ್ಲಿ ಬ್ಯೂನಸ್ ಐರಿಸ್. ಎರಡೂ ಕಡೆ ಆಡುವ ಮಾತು ಸ್ಪ್ಯಾನಿಷ್, ಕುಡಿಯುವುದು ಮಾಟೆ ಎಂಬ ಒಂದೇ ಎಲೆಯ ಕಷಾಯ, ಕುಣಿಯುವುದು ಒಂದೇ ಟ್ಯಾಂಗೋ. ಹೊಟ್ಟೆಪಾಡಿಗಾಗಿ ಇಟಲಿ, ಸ್ಪೇನುಗಳಿಂದ ಹಡಗು ಹತ್ತಿ ಬಂದು ಈ ಎರಡು ಬಂದರುಗಳಲ್ಲಿ ಇಳಿದವರು ಲೆಕ್ಕವಿಲ್ಲದಷ್ಟು ಮಂದಿ. ಊರು ಬಿಟ್ಟು ಬಂದು ದುಡಿಯುವುದೆಂದರೇನೆಂದು ಬಲ್ಲವರು ಎರಡೂ ದಡಗಳಲ್ಲಿದ್ದರು. ಆದರೂ ಚೆಂಡಿನ ವಿಷಯ ಬಂದಾಗ ಇವರು ಬೇರೆ, ಅವರು ಬೇರೆ. 1928ರಲ್ಲಿ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿಯೂ ಇವರೇ ಎದುರಾಳಿಗಳು. ಮೊದಲ ದಿನ 1-1ರ ಸಮ. ಮತ್ತೆ ಆಡಿದಾಗ ಉರುಗ್ವೆ 2-1ರಿಂದ ಗೆದ್ದಿತು. ಆ ಸೋಲಿನ ಬಾಕಿ ತೀರಿಸಬೇಕೆಂಬ ಹಟದಿಂದ ಅರ್ಜೆಂಟೀನ 1930ರಲ್ಲಿ ನದಿ ದಾಟಿ ಬಂದಿತ್ತು.

ಪಂದ್ಯ ನಡೆದ ಕ್ರೀಡಾಂಗಣದ ಹೆಸರು ಸೆಂಟೆನಾರಿಯೊ, ಎಂದರೆ ಶತಮಾನೋತ್ಸವ. 1830ರಲ್ಲಿ ಉರುಗ್ವೆ ತನ್ನ ಮೊದಲ ಸಂವಿಧಾನವನ್ನು ಸ್ವೀಕರಿಸಿದ ನೆನಪಿಗೆ ಅದನ್ನು ಕಟ್ಟಿದರು. ಕಾಲ ಕಡಿಮೆ, ಮಳೆ ಹೆಚ್ಚು. ಕೂಲಿಕಾರರು ಮೂರು ಪಾಳಿಗಳಲ್ಲಿ ಹಗಲಿರುಳೆನ್ನದೆ ದುಡಿದರು. ಹಾಗಿದ್ದೂ ಪಂದ್ಯಾವಳಿ ಜುಲೈ 13ಕ್ಕೆ ಆರಂಭವಾದಾಗ ಕೆಲಸ ಮುಗಿದಿರಲಿಲ್ಲ. ಮೊದಲ ಪಂದ್ಯಗಳನ್ನು ಬೇರೆ ಮೈದಾನಗಳಲ್ಲಿ ಆಡಿಸಬೇಕಾಯಿತು. ಜುಲೈ 18ಕ್ಕೆ ಬಾಗಿಲು ತೆರೆದಾಗ ಕೆಲವೆಡೆ ಕಾಂಕ್ರೀಟು ಇನ್ನೂ ಹಸಿಯಾಗಿತ್ತಂತೆ. ರಾತ್ರಿ ಪಾಳಿಯ ನಿದ್ದೆಗೇಡನ್ನು ಬಲ್ಲ ನಮ್ಮ ಓದುಗರಿಗೆ, ಆ ಗೋಡೆಗಳ ಬೆಲೆಯನ್ನು ಯಾರು ತೆತ್ತರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಂತಿಮ ಪಂದ್ಯದ ಹಿಂದಿನ ರಾತ್ರಿ ಬ್ಯೂನಸ್ ಐರಿಸ್ಸಿನ ಬಂದರಿನಿಂದ ಸಾವಿರಾರು ಜನ ದೋಣಿ, ಹಡಗುಗಳಲ್ಲಿ ಹೊರಟರು. ನದಿಯ ಮೇಲೆ ಮಂಜು ಕವಿದು ಅವರಲ್ಲಿ ಅನೇಕರು ಪಂದ್ಯದ ವೇಳೆಗೆ ಬಂದು ಮುಟ್ಟಲೇ ಇಲ್ಲ. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಆಯುಧಗಳಿವೆಯೇ ಎಂದು ತಡಕಿ ನೋಡಿ ಒಳಗೆ ಬಿಟ್ಟರು. ಬೆಲ್ಜಿಯಮ್ಮಿನ ಜಾನ್ ಲಾಂಗೆನಸ್ ಎಂಬವರು ಅಂದಿನ ರೆಫರಿ. ತನ್ನ ಜೀವಕ್ಕೆ ರಕ್ಷಣೆ ಕೊಡುವುದಾದರೆ ಮಾತ್ರ ಮೈದಾನಕ್ಕಿಳಿಯುವೆನೆಂದು ಅವರು ಷರತ್ತು ಹಾಕಿದರು. ಒಂದು ಆಟಕ್ಕೆ ಇಷ್ಟು ಭಯವೇ ಎಂದು ಇಂದು ನಾವು ನಗಬಹುದು. ಆದರೆ ಆ ಭಯಕ್ಕೆ ಕಾರಣವಿತ್ತೆಂಬುದನ್ನು ಮುಂದೆ ನಡೆದದ್ದೇ ತೋರಿಸಿತು.

ಆಟ ಶುರುವಾಗುವ ಮೊದಲೇ ಜಗಳ ಹುಟ್ಟಿತು. ಯಾರ ಚೆಂಡಿನಲ್ಲಿ ಆಡುವುದು? ನಮ್ಮ ಚೆಂಡೇ ಆಗಬೇಕೆಂದು ಇಬ್ಬರೂ ಪಟ್ಟು ಹಿಡಿದರು. ಕೊನೆಗೆ ಆದ ತೀರ್ಮಾನ ಇದು: ಮೊದಲರ್ಧ ಅರ್ಜೆಂಟೀನದ ಚೆಂಡು, ಎರಡನೆಯ ಅರ್ಧ ಉರುಗ್ವೆಯ ಚೆಂಡು. ನಮ್ಮ ಹಳ್ಳಿಯ ಹಿರಿಯರು ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು ಹೇಳಿದ್ದರೂ ಇದಕ್ಕಿಂತ ನೇರವಾದ ನ್ಯಾಯ ಹೇಳುತ್ತಿರಲಿಲ್ಲ.

ತನ್ನ ಚೆಂಡಿನಲ್ಲಿ ಅರ್ಜೆಂಟೀನ ವಿರಾಮದ ವೇಳೆಗೆ 2-1ರಿಂದ ಮುಂದಿತ್ತು. ಅದರ ಎರಡನೆಯ ಗೋಲು ಆಫ್‌ಸೈಡ್ ಎಂದು ಉರುಗ್ವೆಯ ನಾಯಕ ನಸಾಜಿ ತಕರಾರು ಎತ್ತಿದರು. ರೆಫರಿ ಒಪ್ಪಲಿಲ್ಲ. ಆಗ ಉರುಗ್ವೆಯವರು ಮೈದಾನ ಬಿಟ್ಟು ನಡೆಯಬಹುದಿತ್ತು. ಅಷ್ಟು ದೊಡ್ಡ ತವರಿನ ಜನಸಮೂಹ ಅವರ ಬೆನ್ನಿಗಿತ್ತು. ಅವರು ಹಾಗೆ ಮಾಡಲಿಲ್ಲ. ಮರಳಿ ಬಂದು ಆಡಿದರು. ಸೆಯಾ ಒಂದು, ಇರಿಯಾರ್ಟೆ ಒಂದು, ಆಟ ಮುಗಿಯಲು ಕ್ಷಣಗಳಿರುವಾಗ ಕಾಸ್ಟ್ರೊ ಇನ್ನೊಂದು ಗೋಲು ಹೊಡೆದರು. ಉರುಗ್ವೆಗೆ 4-2ರ ಜಯ.

ಕೊನೆಯ ಗೋಲಿನ ಹೆಕ್ಟರ್ ಕಾಸ್ಟ್ರೊ ಅವರ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು. ಅವರಿಗೆ ಬಲ ಮುಂಗೈ ಇರಲಿಲ್ಲ. ಹದಿಮೂರರ ಎಳೆಯ ವಯಸ್ಸಿನಲ್ಲಿ ವಿದ್ಯುತ್ ಗರಗಸ ಅದನ್ನು ತಿಂದುಹಾಕಿತ್ತು. ಯಂತ್ರಕ್ಕೆ ಬೆರಳು ಕೊಟ್ಟವರನ್ನು, ಕುದಿಯುವ ಎಣ್ಣೆಗೆ ತೋಳು ಸುಟ್ಟುಕೊಂಡವರನ್ನು ನಾವು ಕಂಡಿದ್ದೇವೆ. ಇನ್ನು ಇವನಿಂದ ಏನಾದೀತು ಎಂಬ ಮಾತು ಅವರ ಬೆನ್ನ ಹಿಂದೆ ಎಷ್ಟು ಬೇಗ ಹುಟ್ಟುತ್ತದೆಂಬುದನ್ನೂ ಕೇಳಿದ್ದೇವೆ. ಸೆಂಟೆನಾರಿಯೊ ಮೈದಾನದ ಮೊತ್ತಮೊದಲ ಗೋಲನ್ನು, ಪೆರುವಿನ ಮೇಲೆ, ಹೊಡೆದವರೂ ಈ ಒಂಟಿಗೈಯವರೇ. ಮೊದಲ ವಿಶ್ವಕಪ್ಪಿನ ಕೊನೆಯ ಗೋಲನ್ನು ಹೊಡೆದವರೂ ಇವರೇ. ಅವರ ನಾಯಕ ನಸಾಜಿಯೂ ಅಮೃತಶಿಲೆ ಕಡಿಯುವ ಕೆಲಸ ಮಾಡಿ ಬಂದವರು. ಕಪ್ಪನ್ನು ಎತ್ತಿದವು ದುಡಿದ ಕೈಗಳು.

ಇನ್ನು ಪಂದ್ಯದ ಮರುದಿನ. ಉರುಗ್ವೆಯಲ್ಲಿ ರಾಷ್ಟ್ರಕ್ಕೇ ರಜೆ, ಹಬ್ಬ. ಆಚೆ ದಡದ ಬ್ಯೂನಸ್ ಐರಿಸ್ಸಿನಲ್ಲಿ ಜನ ಉರುಗ್ವೆಯ ದೂತಾವಾಸಕ್ಕೆ ಕಲ್ಲು ತೂರಿದರು. ಎರಡು ದೇಶಗಳ ಕಾಲ್ಚೆಂಡಾಟದ ಸಂಸ್ಥೆಗಳು ಮಾತುಕತೆಯನ್ನೇ ಮುರಿದುಕೊಂಡವು. ಆ ಕಲ್ಲು ತೂರಿದವರು ಏನನ್ನು ಪಡೆದರು? ಜಗತ್ತಿನ ವ್ಯಾಪಾರವೆಲ್ಲ ಕುಸಿಯುತ್ತಿದ್ದ ಕಾಲ ಅದು. ಐದಾರು ವಾರ ಕಳೆಯುವುದರಲ್ಲಿ, 1930ರ ಸೆಪ್ಟೆಂಬರ್ 6ರಂದು, ಅರ್ಜೆಂಟೀನದ ಜನ ಚುನಾಯಿಸಿದ್ದ ಸರಕಾರವನ್ನು ಅಲ್ಲಿನ ಸೈನ್ಯವೇ ಉರುಳಿಸಿತು. 1933ರಲ್ಲಿ ಉರುಗ್ವೆಯಲ್ಲಿಯೂ ಸಂವಿಧಾನವನ್ನು ಬದಿಗೊತ್ತಿ ಅಧಿಕಾರ ಕಸಿದರು. ನದಿಯ ಎರಡೂ ದಡದ ಬಡವರಿಗೆ ಬರಲಿದ್ದ ಕಷ್ಟ ಚೆಂಡಿನಿಂದ ಬಂದುದಲ್ಲ, ಎದುರು ದಡದವರಿಂದ ಬಂದುದೂ ಅಲ್ಲ. ಕಲ್ಲು ಮಾತ್ರ ಎದುರು ದಡದವನ ಕಿಟಕಿಗೆ ಬಿತ್ತು.

ಚೆಂಡೇ ಉರುಗ್ವೆಯನ್ನು ಗೆಲ್ಲಿಸಿತೆಂದು ವಾದಿಸುವವರು ಇಂದಿಗೂ ಇದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಇಬ್ಬರಿಗೂ ತಂತಮ್ಮ ಚೆಂಡಿನಲ್ಲಿ ನಲವತ್ತೈದು ನಿಮಿಷ ದೊರೆತಿತ್ತು. ಏರ್ಪಾಡು ಸಮವಾಗಿದ್ದ ಮೇಲೆ, ಒಪ್ಪಿ ಆಡಿದ ಮೇಲೆ, ಸೋಲನ್ನೂ ಒಪ್ಪಬೇಕು. ಏರ್ಪಾಡು ಸಮವಾಗಿಲ್ಲದಿದ್ದರೆ ಆಟಕ್ಕೆ ಮೊದಲೇ ಎದ್ದು ನಿಂತು ಕೇಳಬೇಕು. ಆ ಎರಡು ತಂಡಗಳೂ ಕೇಳಿದವು, ಪಡೆದವು. ನ್ಯಾಯ ಕೇಳುವುದು ಜಗಳಗಂಟತನವಲ್ಲ. ಸೋತ ಮೇಲೆ ಕಲ್ಲೆತ್ತುವುದು ನ್ಯಾಯವೂ ಅಲ್ಲ.

ಹಾಗೆಂದು ತನ್ನ ಊರಿನ ತಂಡದ ಮೇಲೆ ಅಭಿಮಾನ ಬೇಡವೆಂದು ನಾವು ಹೇಳುವುದಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಈ ಮುಂಬಯಿಗೆ ಬಂದು ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಗೋರಾ ಸಿಪಾಯಿಗಳ ಸೊತ್ತಾಗಿದ್ದ ಆ ಕಪ್ಪು ಭಾರತೀಯ ತಂಡಕ್ಕೆ ದಕ್ಕಿದ್ದು ಅದೇ ಮೊದಲು. ಅದನ್ನು ನೆನೆದರೆ ಇಂದಿಗೂ ನಮ್ಮ ಎದೆ ಉಬ್ಬುತ್ತದೆ. ಅಭಿಮಾನವಿಲ್ಲದ ಆಟ ಉಪ್ಪಿಲ್ಲದ ಸಾರು. ಆದರೆ ಸಾರಿಗೆ ಉಪ್ಪು ಎಷ್ಟೆಂಬುದು ಒಲೆಯ ಮುಂದೆ ನಿಂತ ನಮ್ಮವರಿಗೆ ಗೊತ್ತು. ಪಂದ್ಯ ಮುಗಿದ ಮೇಲೂ ಮಾತು ಬಿಡುವುದು, ಒಂದೇ ಕೋಣೆಯಲ್ಲಿ ಮಲಗುವ ಬೇರೆ ಭಾಷೆಯ ಜೊತೆಗಾರನನ್ನು ಶತ್ರುವೆಂದು ಕಾಣುವುದು, ಇದು ಅಭಿಮಾನವಲ್ಲ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕೋರ್ಟುಕಚೇರಿಗೆ ಮಾತ್ರ ಸಲ್ಲುವುದಲ್ಲ.

ಆ ಪಂದ್ಯದಲ್ಲಿ ಆಡಿದವರ ಪೈಕಿ ಕಡೆಗೆ ಉಳಿದಿದ್ದ ಅರ್ಜೆಂಟೀನದ ಫ್ರಾನ್ಸಿಸ್ಕೊ ವರಾಲೊ 2010ರಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು. ಆಡಿದವರಲ್ಲಿ ಈಗ ಯಾರೂ ಇಲ್ಲ. ಮೂರು ಪಾಳಿಯ ಕೂಲಿಕಾರರು ಎತ್ತಿದ ಸೆಂಟೆನಾರಿಯೊ ಮಾತ್ರ ನಿಂತಿದೆ. 2030ರ ವಿಶ್ವಕಪ್ಪು ಸ್ಪೇನ್, ಪೋರ್ಚುಗಲ್, ಮೊರಾಕೊಗಳಲ್ಲಿ ನಡೆಯಲಿದ್ದರೂ, ಶತಮಾನದ ನೆನಪಿಗಾಗಿ ಒಂದು ಪಂದ್ಯವನ್ನು ಅಲ್ಲಿಯೂ, ಇನ್ನೊಂದನ್ನು ನದಿಯಾಚೆಯ ಅರ್ಜೆಂಟೀನದಲ್ಲಿಯೂ ಆಡಿಸಬೇಕೆಂದು ಗೊತ್ತುಮಾಡಿದ್ದಾರೆ. ಅಂದು ಚೆಂಡನ್ನು ಹಂಚಿಕೊಂಡು ಆಡಿದ ನೆರೆಹೊರೆಯವರು ಇಂದು ಹಬ್ಬವನ್ನು ಹಂಚಿಕೊಳ್ಳಲಿದ್ದಾರೆ. ಆ ದಿನ ನಮ್ಮ ತರುಣರು ಆಟ ನೋಡಲಿ, ಇಷ್ಟಬಂದವರ ಪರವಾಗಿ ಕೂಗಲಿ. ಮರುದಿನ ಬೆಳಗಿನ ಪಾಳಿಗೆ ಎಲ್ಲರೂ ಜೊತೆಯಾಗಿಯೇ ಇಳಿಯಲಿ.