ಹಾಡುವಾಗ ಮೇವಿಲ್ಲ, ಸತ್ತ ಮೇಲೆ ಮೆರವಣಿಗೆ!

ಕನ್ನಡದ ಹುಡುಗ ಹುಡುಗಿಯರೇ,

ಭಾಷಾಭಿಮಾನ ಅಂದರೆ ಏನೆಂದು ಬಂಗಾಳಿಗಳನ್ನು ನೋಡಿ ಕಲಿಯಿರಿ ಎಂದು ನಮಗೆ ಬುದ್ಧಿ ಹೇಳುವ ದೊಡ್ಡವರಿಗೆ ಬರವಿಲ್ಲ. ಅವರ ಮನೆಮನೆಯಲ್ಲೂ ರವೀಂದ್ರರ ಹಾಡಂತೆ, ಬೀದಿಬೀದಿಯಲ್ಲೂ ಕಾವ್ಯವಂತೆ. ಇರಲಿ, ಒಪ್ಪೋಣ. ಆದರೆ ಅದೇ ಅಭಿಮಾನಿ ಜನ ತಮ್ಮದೇ ಭಾಷೆಯಲ್ಲಿ ಹಾಡುತ್ತಿದ್ದ ತಮ್ಮದೇ ಊರಿನ ಏಳು ಮಂದಿ ಹುಡುಗರನ್ನು ಆರೇಳು ವರ್ಷ ಸಾಕಲಾರದೆ ಹೋದರು. ಕಲಿಯುವುದಾದರೆ ಆ ಕಥೆಯನ್ನೂ ಕಲಿಯೋಣ!

1975ರ ಕಲ್ಕತ್ತ. ಪಾರ್ಕ್ ಸ್ಟ್ರೀಟಿನ ಹೋಟೆಲುಗಳಲ್ಲಿ ಗಿಟಾರ್ ಸದ್ದು ಮಾಡುತ್ತಿತ್ತು, ಹಾಡು ಮಾತ್ರ ಇಂಗ್ಲಿಷಿನದು. ಅಲ್ಲೇ ನುಡಿಸಿ ಪಳಗಿದ್ದವರು ಗೌತಮ್ ಚಟ್ಟೋಪಾಧ್ಯಾಯ. ನಕ್ಸಲ್ ಚಳವಳಿಗೆ ಹೋಗಿ ಸೆರೆಮನೆ ಕಂಡು ಬಂದಿದ್ದ ಈ ಮನುಷ್ಯ ತಮ್ಮಂದಿರನ್ನೂ ನಂಟರನ್ನೂ ಗೆಳೆಯರನ್ನೂ ಕೂಡಿಸಿ ಒಂದು ತಂಡ ಕಟ್ಟಿದರು. ಏಳು ಜನ ಎಂದು ಮೊದಲು ‘ಸಪ್ತರ್ಷಿ’ ಎಂದು ಹೆಸರಿಟ್ಟರು. ಆಮೇಲೆ ಕವಿ ಜೀವನಾನಂದ ದಾಸರ ಪದ್ಯದಿಂದ ಹೆಸರು ಹೆಕ್ಕಿಕೊಂಡರು: ‘ಮೊಹೀನೇರ್ ಘೋಡಾಗುಲಿ’. ಅಂದರೆ, ಮೊಹೀನನ ಕುದುರೆಗಳು.

ಇವರು ಹಾಡಿದ್ದು ಏನು? ನಮಗೆ ತತ್ವಪದಕಾರರು ಹೇಗೋ ಬಂಗಾಳಕ್ಕೆ ಬಾವುಲರು ಹಾಗೆ. ಏಕತಾರಿ ಹಿಡಿದು ಊರೂರು ಅಲೆಯುವ ಆ ಹಾಡುಗಾರರ ಧಾಟಿಗೆ ಗಿಟಾರು, ಸ್ಯಾಕ್ಸೊಫೋನು, ಪಿಟೀಲು, ಕೊಳಲು ಎಲ್ಲವನ್ನೂ ಬೆರೆಸಿದರು. ಅದಕ್ಕೆ ‘ಬಾವುಲ್ ಜಾಝ್’ ಎಂದರು. ಹಾಡಿನೊಳಗೆ ಇದ್ದದ್ದು ಕಲ್ಕತ್ತ: ಅದರ ಬಡತನ, ಅದರ ದಿಗಿಲು, ಅದರ ಒಂಟಿತನ. ಎಲ್ಲವೂ ಅಚ್ಚ ಬಂಗಾಳಿಯಲ್ಲಿ!

ಆದದ್ದೇನು? ರವೀಂದ್ರ ಸಂಗೀತಕ್ಕೂ ಸಿನಿಮಾ ಹಾಡಿಗೂ ಒಗ್ಗಿದ್ದ ಕಿವಿಗಳಿಗೆ ಇದು ಹಿಡಿಸಲಿಲ್ಲ. 1977, 1978, 1979ರಲ್ಲಿ ಒಂದೊಂದರಂತೆ ಮೂರು ಗ್ರಾಮಫೋನ್ ತಟ್ಟೆಗಳು ಹೊರಬಂದವು. ಮೂರರಲ್ಲೂ ಸೇರಿ ಹಾಡುಗಳು ಹತ್ತು ದಾಟಲಿಲ್ಲ. 1981ಕ್ಕೆ ತಂಡ ಮುಗಿಯಿತು. ಒಬ್ಬೊಬ್ಬರೂ ಹೊಟ್ಟೆಪಾಡು ಹುಡುಕಿಕೊಂಡು ಒಂದೊಂದು ದಿಕ್ಕಿಗೆ ಹೋದರು. ತಂಡಕ್ಕೆ ಆ ಹೆಸರು ಸೂಚಿಸಿದ ರಂಜನ್ ಘೋಷಾಲ್ ನಮ್ಮ ಬೆಂಗಳೂರಿಗೇ ಬಂದು ನೆಲೆಸಿ 2020ರಲ್ಲಿ ತೀರಿಕೊಂಡರು.

ಆ ಕುದುರೆಗಳನ್ನು ಯಾವ ದಿಲ್ಲಿಯೂ ಕೊಲ್ಲಲಿಲ್ಲ. ಯಾವ ಹಿಂದಿಯೂ ಓಡಿಸಲಿಲ್ಲ. ಮೇವು ಹಾಕದೆ ಸೊರಗಿಸಿದವರು ಸ್ವಂತ ಭಾಷೆಯ ಜನ!

ಇನ್ನು ಮುಂದಿನದು ಕೇಳಿ. 1995ರಲ್ಲಿ ಗೌತಮ್ ಹೊಸ ಹುಡುಗರನ್ನು ಸೇರಿಸಿಕೊಂಡು ಒಂದು ಸಂಕಲನ ತಂದರು. ಅದರ ಹೆಸರಿನ ಅರ್ಥವೇ ‘ಮತ್ತೆ ಇಪ್ಪತ್ತು ವರ್ಷದ ಮೇಲೆ’. ಆಗ ಬಂಗಾಳಕ್ಕೆ ಎಚ್ಚರವಾಯಿತು. ಚಂದ್ರಬಿಂದು, ಭೂಮಿ, ಫಾಸಿಲ್ಸ್ ಎಂದು ಬಂಗಾಳಿ ಬ್ಯಾಂಡುಗಳ ದೊಡ್ಡ ಅಲೆಯೇ ಎದ್ದಿತು. ಎಲ್ಲರೂ ಮೊಹೀನನ ಕುದುರೆಗಳೇ ನಮ್ಮ ಮೂಲ ಎಂದು ಕೈಮುಗಿಯತೊಡಗಿದರು. ಗೌತಮ್ 1999ರಲ್ಲಿ ತೀರಿಕೊಂಡರು. 2006ರಲ್ಲಿ ಅವರ ಒಂದು ಬಂಗಾಳಿ ಹಾಡಿನ ಧಾಟಿ ‘ಗ್ಯಾಂಗ್‌ಸ್ಟರ್’ ಚಿತ್ರದಲ್ಲಿ ‘ಭೀಗಿ ಭೀಗಿ’ ಎಂಬ ಹಿಂದಿ ಹಾಡಾಗಿ ದೇಶವೆಲ್ಲ ಮೊಳಗಿತು. ನೀವೂ ಗುನುಗಿದ್ದೀರಿ. ಅದು ಯಾರ ಹಾಡು ಎಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ತಂಡದ ಇನ್ನೊಬ್ಬ ಹಿರಿಯ ತಾಪಸ್ ದಾಸ್ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಾಗ ಚಿಕಿತ್ಸೆಯ ಹಣಕ್ಕಾಗಿ ಕಿರಿಯ ಹಾಡುಗಾರರು ಕಾರ್ಯಕ್ರಮ ನಡೆಸಬೇಕಾಯಿತು. 2023ರಲ್ಲಿ ಅವರೂ ಹೋದರು. ಕಿರಿಯರು ದೊಡ್ಡ ಮನಸ್ಸು ತೋರಿದರು, ಸರಿ. ಆದರೆ ತಟ್ಟೆ ಬಂದ ಕಾಲಕ್ಕೇ ಊರು ಅದನ್ನು ಕೊಂಡಿದ್ದರೆ?

ಈಗ ನಮ್ಮ ಮನೆಗೆ ಬರೋಣ. ಅದೇ 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಕನ್ನಡಿಗರು ಕಾಸು ಕೊಟ್ಟು ಕೊಂಡರು. ಕೊಂಡದ್ದರಿಂದಲೇ ಅದರ ಹಿಂದೆ ಸಾಲುಸಾಲು ಭಾವಗೀತೆಯ ಕ್ಯಾಸೆಟ್ಟುಗಳು ಬಂದವು. ಆ ಜಾಣತನ ಆಮೇಲೆ ಎಲ್ಲಿ ಹೋಯಿತು? ‘ಅಂತರಾಗ್ನಿ’ ಎಂಬ ತಂಡ ಕಟ್ಟಿ ಹಾಡಿದ್ದ ನಮ್ಮ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಕೂಡಿಸಿದರು. ಅವರ ಮೊದಲ ಆಲ್ಬಂ ಬಂತು. ತಂದವರು ಯಾರು? ಮುಂಬೈಯ ವಿಶಾಲ್-ಶೇಖರ್! ಶರೀಫಜ್ಜನ ಪದ ನಮ್ಮ ಬೆಂಗಳೂರಿನ ಕಿವಿಗೆ ಬೀಳಬೇಕಾದರೆ ಮುಂಬೈ ಸುತ್ತಿ ಬರಬೇಕೇ ಸ್ವಾಮಿ?

ಗಿಟಾರ್ ಹಿಡಿದರೆ ಭಾಷೆ ಕೆಟ್ಟಿತು ಎಂದು ಮೂಗು ಮುರಿಯುವ ಪಂಡಿತರೇ, ಹಾರ್ಮೋನಿಯಂ ಏನು ಹಂಪಿಯಲ್ಲಿ ಹುಟ್ಟಿತೇ? ಪಿಟೀಲು ಎಲ್ಲಿಂದ ಬಂತು? ಹೊರಗಿನಿಂದ ಬಂದ ವಾದ್ಯಗಳನ್ನು ಅರಗಿಸಿಕೊಂಡ ಭಾಷೆ ನಮ್ಮದು, ಇನ್ನೊಂದು ಗಿಟಾರಿಗೆ ಹೆದರುತ್ತದೆಯೇ?

ಇನ್ನು ಕನ್ನಡ ರಾಕಿಗೆ ಕೂರುವುದಿಲ್ಲ ಎನ್ನುವ ಜೀನ್ಸ್ ಪಂಡಿತರೇ, ಬಂಗಾಳಿಗೆ ಕೂರುತ್ತದೆ ಎಂದು 1975ರಲ್ಲಿ ಯಾರು ತಾನೇ ಬರೆದುಕೊಟ್ಟಿದ್ದರು? ಏಳು ಮಂದಿ ಕೂರಿಸಿದರು, ಕೂತಿತು. ಯಾವ ಭಾಷೆಯೂ ತಾನಾಗಿ ಹಾಡಾಗುವುದಿಲ್ಲ. ಹಾಡುವವನು ಬೇಕು. ಅವನಿಗೆ ಕೇಳುವವನು ಬೇಕು. ಕೇಳುವವನ ಕೈ ಜೇಬಿಗೆ ಹೋಗಬೇಕು!

ನವೆಂಬರ್ ಒಂದಕ್ಕೆ ಹಳದಿ ಕೆಂಪು ಶಾಲು ಹೊದ್ದು ಜೈಕಾರ ಹಾಕುವುದು ಸುಲಭ. ಡಿಸೆಂಬರಿನಲ್ಲಿ ಕನ್ನಡದ ಹುಡುಗರು ಹಾಡುವ ಕಡೆಗೆ ಹೋಗುವವರು ಎಷ್ಟು ಜನ? ಹೋದರೂ ಪುಕ್ಕಟೆ ಪಾಸು ಕೇಳುವುದು, ನಡುವೆ ಹಿಂದಿ ಹಾಡಿಗೆ ಚೀಟಿ ಕಳಿಸುವುದು. ಇದಕ್ಕೆ ಅಭಿಮಾನ ಎಂದು ಹೆಸರು ಬೇರೆ!

ಗೆಳೆಯರೇ, ಇದಕ್ಕೆ ಬಂದ್ ಬೇಡ, ಕಲ್ಲು ಬೇಡ. ನಿಮ್ಮ ಕಾಲೇಜಿನ ಹಬ್ಬದ ಸಮಿತಿಯಲ್ಲಿ ಒಬ್ಬರಾದರೂ ಎದ್ದು ನಿಂತು, ಮುಖ್ಯ ವೇದಿಕೆ ಕನ್ನಡ ತಂಡಕ್ಕೆ ಎಂದು ಹಟ ಹಿಡಿಯಿರಿ. ಬಂದ ತಂಡಕ್ಕೆ ‘ನಮ್ಮವರೇ ಅಲ್ಲವೇ’ ಎಂದು ಶಾಲು ಹೊದಿಸಿ ಕಳಿಸಬೇಡಿ, ಮುಂಬೈಯವರಿಗೆ ಎಣಿಸುವ ಹಾಗೆ ದುಡ್ಡು ಎಣಿಸಿ ಕೊಡಿ. ಟಿಕೆಟ್ ಇಟ್ಟಿದ್ದರೆ ಸರದಿಯಲ್ಲಿ ನಿಂತು ಕೊಳ್ಳಿ. ಹಾಡು ಚೆನ್ನಾಗಿಲ್ಲವೇ? ಮುಖಕ್ಕೆ ಹೇಳಿ, ಮುಂದಿನ ಸಲ ತಿದ್ದಿಕೊಳ್ಳುತ್ತಾರೆ. ತಿದ್ದಿಕೊಳ್ಳಲು ಮುಂದಿನ ಸಲ ಎಂಬುದೊಂದು ಇರಬೇಕಲ್ಲ, ಅದನ್ನು ಉಳಿಸುವುದು ನಿಮ್ಮ ಕೈಯಲ್ಲಿದೆ!