ಪ್ಯಾಕೆಟ್ಟಿನ ಬಣ್ಣ ಯಾರದ್ದು?

ಹೋದ ಜಾತ್ರೆಯಲ್ಲಿ ನಮ್ಮ ತಾಲ್ಲೂಕಿನ ಒಂದು ಮಹಿಳಾ ಸಂಘದವರು ಶೇಂಗಾ ಚಟ್ನಿಪುಡಿ ಮಾರುತ್ತಿದ್ದರು. ಅರಿಶಿನ ಬಣ್ಣದ ಪ್ಯಾಕೆಟ್, ನಡುವೆ ದಪ್ಪ ಹಸಿರು ಪಟ್ಟಿ. ಆರು ವರ್ಷದಿಂದ ಅದೇ. ಓದಲು ಬಾರದ ಅಜ್ಜಿಯರೂ "ಹಸಿರು ಪಟ್ಟೀದು ಕೊಡವ್ವ" ಅಂತ ಕೇಳಿ ಒಯ್ಯುತ್ತಾರೆ. ನಾಲ್ಕು ಅಂಗಡಿ ಆಚೆ ಪೇಟೆಯ ವ್ಯಾಪಾರಿಯೊಬ್ಬರು ಅದೇ ಅರಿಶಿನ, ಅದೇ ಹಸಿರು ಪಟ್ಟಿಯಲ್ಲಿ ಬೇರೆ ಹೆಸರಿನ ಪುಡಿ ಇಟ್ಟಿದ್ದರು. ಹತ್ತು ರೂಪಾಯಿ ಕಡಿಮೆ. ಸಂಘದವರು ಕೇಳಲು ಹೋದರೆ ಬಂದ ಉತ್ತರ: "ನಿಮ್ಮ ಹೆಸರು ಹಾಕಿಲ್ಲವಲ್ಲ. ಬಣ್ಣವೂ ನಿಮ್ಮ ಸ್ವಂತದ್ದಾ?"

ಹೌದು, ಆಗಬಹುದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಗುರುತು ಅಂದರೆ ಹೆಸರು, ಚಿತ್ರ ಅಷ್ಟೇ ಅಲ್ಲ. ವಸ್ತುವಿನ ಆಕಾರ, ಪ್ಯಾಕಿಂಗ್, ಬಣ್ಣಗಳ ಜೋಡಣೆಯೂ ಸೇರಿದೆ. ಶಬ್ದಕ್ಕೂ ನೋಂದಣಿ ಇದೆ. ಯಾಹೂ ಕಂಪನಿಯ ಕೂಗು 2008ರಲ್ಲೇ ನೋಂದಣಿಯಾಯಿತು. 2017ರ ನಿಯಮದ ಪ್ರಕಾರ 30 ಸೆಕೆಂಡ್ ಮೀರದ ಎಂಪಿ3 ಕೊಟ್ಟು, ಜೊತೆಗೆ ಸ್ವರಲಿಪಿಯನ್ನೂ ಕೊಡಬೇಕು. 2025ರ ನವೆಂಬರಿನಲ್ಲಂತೂ ಜಪಾನಿನ ಸುಮಿಟೊಮೊ ಕಂಪನಿಯ ಟೈರಿನ ಗುಲಾಬಿ ವಾಸನೆಯ ಅರ್ಜಿಯನ್ನೂ ಕಚೇರಿ ಒಪ್ಪಿಕೊಂಡಿತು. ಟೈರಿಗೆ ಗುಲಾಬಿ!

ನಮ್ಮ ಹೊಲಕ್ಕೆ ಹತ್ತಿರದ ಉದಾಹರಣೆ ಜಾನ್ ಡೀರ್ ಟ್ರ್ಯಾಕ್ಟರ್. ಹಸಿರು ಮೈ, ಹಳದಿ ಚಕ್ರ ದೂರದಿಂದಲೇ ಗೊತ್ತಾಗುತ್ತದೆ. ಅದೇ ಬಣ್ಣ ಬಳಿದು ಕೃಷಿ ಯಂತ್ರ ಮಾರುತ್ತಿದ್ದವರನ್ನು 2018ರಲ್ಲಿ ದೆಹಲಿ ಹೈಕೋರ್ಟ್ ತಡೆಯಿತು.

ಆದರೆ ಬಣ್ಣ ಸುಮ್ಮನೆ ಯಾರ ಪಾಲೂ ಆಗುವುದಿಲ್ಲ. ಬಿಸ್ಕತ್ತಿನ ಹಳದಿ-ನೀಲಿ ಪ್ಯಾಕೆಟ್ಟಿಗಾಗಿ ಐಟಿಸಿ ಮತ್ತು ಬ್ರಿಟಾನಿಯಾ ಜಗಳವಾಡಿದಾಗ, ಕೆಲವೇ ತಿಂಗಳ ಮಾರಾಟದಿಂದ ಆ ಬಣ್ಣಗಳು ಐಟಿಸಿಯದೇ ಎಂದು ಜನರ ಮನಸ್ಸಿನಲ್ಲಿ ಕೂತಿಲ್ಲ ಎಂದು 2017ರಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಇದು ಸರಿಯಾದ ತೀರ್ಪು ಅಂತಲೇ ನಾವು ಭಾವಿಸುತ್ತೇವೆ. ಅರಿಶಿನ, ಕುಂಕುಮ, ಎಲೆಹಸಿರು ಎಲ್ಲರ ಮನೆಯ ಬಣ್ಣ. ದುಡ್ಡಿದ್ದವರು ಒಂದೊಂದೇ ಬೇಲಿ ಹಾಕುತ್ತ ಹೋದರೆ ನಾಳೆ ಹಳ್ಳಿಯ ಸಂಘಕ್ಕೆ ಯಾವ ಬಣ್ಣ ಉಳಿದೀತು?

ಆಕ್ಷೇಪ ಹಾಕಲು ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಸಮಯವಿದೆ. ಇಂಗ್ಲಿಷಿನ ಆ ಜರ್ನಲ್ಲನ್ನು ನಮ್ಮಲ್ಲಿ ಯಾರು ಓದುತ್ತಾರೆ? ಕರ್ನಾಟಕದವರಿಗೆ ಕಚೇರಿ ಇರುವುದು ಚೆನ್ನೈನಲ್ಲಿ. ಅರ್ಜಿಯನ್ನೇನೋ ಆನ್‌ಲೈನ್‌ನಲ್ಲಿ ಹಾಕಬಹುದು. ವ್ಯಕ್ತಿಗೆ, ಸಣ್ಣ ಉದ್ದಿಮೆಗೆ 4,500 ರೂಪಾಯಿ, ನೋಂದಣಿಯಾದರೆ ಹತ್ತು ವರ್ಷ ಬಾಳಿಕೆ. ಸಂಘಗಳಿಗೆ ಪ್ಯಾಕಿಂಗ್ ತರಬೇತಿ ಕೊಡುವ ಇಲಾಖೆಗಳು ಈ ಒಂದು ಪಾಠವನ್ನೂ ಕನ್ನಡದಲ್ಲಿ ಸೇರಿಸಬೇಕು. ಮಷೀನು ಕೊಟ್ಟು ಫೋಟೊ ತೆಗೆಸಿಕೊಂಡು ಹೋದರೆ ಸಾಲದು.

ನೋಂದಣಿ ಇಲ್ಲದಿದ್ದರೂ ಮೊದಲಿನಿಂದ ಬಳಸುತ್ತ ಬಂದವರಿಗೆ ಕಾನೂನು ಬೆಲೆ ಕೊಡುತ್ತದೆ. ದಾಖಲೆ ಬೇಕು, ಅಷ್ಟೇ. ಹಳೇ ಪ್ಯಾಕೆಟ್, ಮುದ್ರಣದ ಬಿಲ್, ತಾರೀಖಿರುವ ಫೋಟೊ ಯಾವುದನ್ನೂ ಎಸೆಯಬೇಡಿ.

ಚಟ್ನಿಪುಡಿ ಸಂಘದವರ ಹತ್ತಿರ ಬಿಲ್ ಪುಸ್ತಕಗಳಿವೆ, ಆದರೆ ಬಿಲ್ಲಿನಲ್ಲಿ ಬಣ್ಣ ಕಾಣುವುದಿಲ್ಲ. ಮೊದಲ ವರ್ಷದ ಜಾತ್ರೆಯ ಫೋಟೊಗಳು ಸದಸ್ಯೆಯೊಬ್ಬರ ಮಗಳ ಒಡೆದ ಫೋನಿನಲ್ಲಿವೆಯಂತೆ. ಸೋಮವಾರ ಸಂತೆಗೆ ಹೋದಾಗ ರಿಪೇರಿಗೆ ಕೊಡುತ್ತಾರೆ.