ಪರಿಸರದ ಪುಸ್ತಕದಾಗ ನಮ್ಮ ಕೇರಿ ಎಲ್ಲೈತಿ?



ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಇಬ್ಬರು ಗೆಳೆಯರು ಮೊನ್ನೆ ಕೇಳಿದರು: "ಮೊದಲ ವರ್ಷದ ಹುಡುಗರಿಗೆ ಪರಿಸರ ಅಧ್ಯಯನಕ್ಕೆ ಯಾವ ಪುಸ್ತಕ ಹೇಳೋಣ?" ನಾನು ಬಿ.ಎ. ಓದಿದ ಗುಮಾಸ್ತ, ವಿಜ್ಞಾನಿ ಅಲ್ಲ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕೇರಿಗಳಿಂದ ಬರುವ ಮಕ್ಕಳು ಏನು ಓದತಾರೆ ಅಂತ ಬಲ್ಲೆ. ಪರೀಕ್ಷೆಗೆ ಎಂಟು ದಿನ ಮುಂಚೆ ಜೆರಾಕ್ಸ್ ಅಂಗಡಿಯಾಗ ಸಿಗೋ ಗೈಡ್ ಓದತಾರೆ. ಬಾಯಿಪಾಠ ಮಾಡ್ತಾರೆ, ಬರೀತಾರೆ, ಮರೀತಾರೆ. ಅದಕ್ಕೇ ಈ ಪ್ರಶ್ನೆ ಸಣ್ಣದಲ್ಲ.

ಈ ವಿಷಯ ಕಾಲೇಜಿಗೆ ಸುಮ್ಮನೆ ಬಂದದ್ದಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂತು. 2003ರಲ್ಲಿ ಮತ್ತೆ ಆದೇಶ ಆಯ್ತು. ಯುಜಿಸಿ ಎಲ್ಲಾ ಪದವಿಗೂ ಆರು ತಿಂಗಳ ಪಠ್ಯ ರೂಪಿಸಿತು. ಅದಕ್ಕಾಗಿ ಎರಾಕ್ ಭರೂಚಾ ಬರೆದ ಇಂಗ್ಲಿಷ್ ಪುಸ್ತಕವನ್ನು ಯುಜಿಸಿಯೇ ಬಿಟ್ಟಿ ಕೊಟ್ಟಿತು. ಎನ್‌ಇಪಿ ಬಂತು, ಹೋಯ್ತು, ಪಠ್ಯದ ಹೆಸರು, ಕ್ರೆಡಿಟ್ಟು ಬದಲಾದವು. ಪುಸ್ತಕದ ಪ್ರಶ್ನೆ ಮಾತ್ರ ಹಂಗೇ ಐತಿ.

ನನ್ನ ಅಭಿಪ್ರಾಯ ಇಷ್ಟು: ಲೇಖಕರ ಡಿಗ್ರಿ ನೋಡಬೇಡಿ, ಬಣ್ಣದ ಚಿತ್ರ ನೋಡಬೇಡಿ. ಪುಸ್ತಕಕ್ಕೆ ಮೂರು ಪ್ರಶ್ನೆ ಹಾಕಿ.

ಮೊದಲನೆಯದು, ನಮ್ಮ ನೆಲ ಅದರಾಗ ಐತೇನು? ಆಹಾರ ಸರಪಳಿ ಅಂದ್ರೆ ಹುಲ್ಲು, ಜಿಂಕೆ, ಹುಲಿ ಅಂತ ಗೈಡು ಹೇಳತದ. ಕುಷ್ಟಗಿ, ಯಲಬುರ್ಗಾದಾಗ ಹುಲಿ ಎಲ್ಲೈತ್ರೀ? ನಮ್ಮಲ್ಲಿರೋದು ಹುಲ್ಲು, ಕುರಿ, ತೋಳ, ಕುರಿ ಹಿಂದೆ ನಡೆಯೋ ಕುರಿಗಾಹಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೇ ಒಂದು ಅಭಯಾರಣ್ಯ ಐತಿ. ತುಂಗಭದ್ರೆಯಲ್ಲಿ ನೀರುನಾಯಿಗೆ 2015ರಲ್ಲಿ ಸಂರಕ್ಷಿತ ಪ್ರದೇಶ ಘೋಷಣೆ ಆಗೇತಿ. ಇದ್ಯಾವುದೂ ಗೊತ್ತಿಲ್ಲದ ಹುಡುಗ ಮರವಿಲ್ಲದ ಬಯಲು ಕಂಡರೆ "ಪಾಳುಭೂಮಿ" ಅಂತ ಬರೀತಾನ. ಪಾಳು ಅಂತ ಬರೆದ ಮೇಲೆ ಅದನ್ನು ಯಾರಿಗಾದರೂ ಕೊಟ್ಟುಬಿಡೋದು ಸುಲಭ. ತೇಜಸ್ವಿಯವರ 'ಪರಿಸರದ ಕತೆ', ಬಿಜಿಎಲ್ ಸ್ವಾಮಿಯವರ 'ಹಸುರು ಹೊನ್ನು' ಚಂದ ಪುಸ್ತಕಗಳು, ಓದಿಸಲೇಬೇಕು. ಆದರೆ ಅವೆರಡೇ ಓದಿದ ನಮ್ಮ ಹುಡುಗರಿಗೆ ಪರಿಸರ ಅಂದ್ರೆ ಮಳೆಕಾಡು, ಬಯಲುಸೀಮೆಗೆ ಪರಿಸರವೇ ಇಲ್ಲ ಅನ್ನಿಸಿಬಿಡತದ.

ಎರಡನೆಯದು, ನೀರಿನ ಲೆಕ್ಕದಾಗ ಮನುಷ್ಯರು ಇದ್ದಾರೇನು? ಓಡಮ್ ಅವರ ಇಕಾಲಜಿ ಪುಸ್ತಕದ ಮೊದಲ ಮುದ್ರಣ ಬಂದದ್ದು 1953ರಲ್ಲಿ. ಅದೇ ವರ್ಷ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು ಮುಗೀತು. ಎಡದಂಡೆ ಕಾಲುವೆಯನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಅಂತ ರೂಪಿಸಿದ್ದರು. ಗಂಗಾವತಿ ಭಾಗದಾಗ ಭತ್ತ ಬಂತು. ಮೇಲಿನವರ ಗದ್ದೆಯಲ್ಲಿ ನೀರು ನಿಂತು ಸವಳು ಎದ್ದಿತು, ಕೆಳಗೆ ರಾಯಚೂರು ಕಡೆ ಕೊನೆ ಭಾಗದವರಿಗೆ ನೀರು ಮುಟ್ಟಲಿಲ್ಲ. 133 ಟಿಎಂಸಿ ಇದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನಾಲ್ಕು ಜಿಲ್ಲೆ ನಡುಗಿದವು. ಹೂಳು, ಸವಳು, ಕೊನೆ ಭಾಗ: ಇಡೀ ಇಕಾಲಜಿ ಇಲ್ಲೇ ಕಲಿಸಬಹುದು. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಸಿ: ಕಾಲುವೆ ನೀರು ಹರಿದ ಭೂಮಿಯಲ್ಲಿ ದಲಿತರ ಹೆಸರಿಗೆ ಎಷ್ಟು ಎಕರೆ ಐತಿ? ಭೂಮಿ ಇಲ್ಲದವನಿಗೆ ಕಾಲುವೆ ಅಂದ್ರೆ ಬರೀ ಕೂಲಿ. ಪಹಣಿ ತೆಗೆದು ನೋಡಿದರೆ ಅದೂ ಒಂದು ಫೀಲ್ಡ್ ವರ್ಕೇ.

ಮೂರನೆಯದು, ಜಾತಿಯ ಬಗ್ಗೆ ಪುಸ್ತಕ ಏನು ಹೇಳತದ? ಇಂಗ್ಲಿಷಿನ ಪೊಲ್ಯೂಷನ್ ಅನ್ನೋ ಒಂದೇ ಪದಕ್ಕೆ ನಮ್ಮಲ್ಲಿ ಎರಡು ಅರ್ಥ. ಕಾಲೇಜು ಮಾಲಿನ್ಯ ಕಲಿಸತದ, ಊರು ಮೈಲಿಗೆ ಕಲಿಸತದ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಹೋಯಿತು ಅಂತ ಶುದ್ಧೀಕರಣಕ್ಕೆ ದಂಡ ಕೇಳಿದ್ದು ನೆನಪಿದೆಯಲ್ಲ? 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆ ನೀರು ಮುಟ್ಟಿದ್ದು ಈ ದೇಶದ ಬಹುದೊಡ್ಡ ಪರಿಸರ ಹೋರಾಟ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿ ಬಸವಲಿಂಗಪ್ಪನವರು ಮಲ ಹೊರುವುದನ್ನು ನಿಷೇಧಿಸಿದ್ದೂ ಪರಿಸರ ಕಾನೂನೇ. ಚಿಪ್ಕೋ ಇರುವ ಪುಟದಲ್ಲಿ ಇವೂ ಇರಬೇಕು.

ಇಲ್ಲೊಂದು ಎಚ್ಚರಿಕೆ. ಜಾತಿ ಬಗ್ಗೆ ಮಾತಾಡದ ಪುಸ್ತಕಕ್ಕಿಂತ ಅಪಾಯಕಾರಿ ಇನ್ನೊಂದು ಐತಿ: ಜಾತಿಯನ್ನು ಹೊಗಳೋ ಪುಸ್ತಕ. ಒಂದೊಂದು ಜಾತಿ ಒಂದೊಂದು ಸಂಪನ್ಮೂಲ ಹಂಚಿಕೊಂಡಿದ್ದರಿಂದ ನಿಸರ್ಗ ಉಳೀತು ಅನ್ನೋ ವಾದ. ಮಾಧವ ಗಾಡ್ಗೀಳ್, ರಾಮಚಂದ್ರ ಗುಹಾ 1992ರ ತಮ್ಮ ಪುಸ್ತಕದಲ್ಲಿ ಜಾತಿಯನ್ನು ಹೀಗೆ ಸಂಪನ್ಮೂಲದ ಹಂಚಿಕೆಯಾಗಿ ವಿವರಿಸಿದರು. ಅವರಿಬ್ಬರ ಕೆಲಸದ ಬಗ್ಗೆ ನನಗೆ ಗೌರವ ಐತಿ. ಆದರೆ ಸತ್ತ ದನ ಎಳೆಯೋದನ್ನು ನಮ್ಮ ಹಿರಿಯರು ಆರಿಸಿಕೊಂಡಿರಲಿಲ್ಲ, ಅವರ ಮೇಲೆ ಹೇರಿದ್ದು. ರಣಹದ್ದು, ಬ್ಯಾಕ್ಟೀರಿಯಾ ಪಕ್ಕದಾಗ ನಮ್ಮನ್ನ ಕೂರಿಸಬ್ಯಾಡ್ರಿ. ಮುಕುಲ್ ಶರ್ಮಾ ಅವರ 'ಕಾಸ್ಟ್ ಅಂಡ್ ನೇಚರ್' 2017ರಲ್ಲೇ ಬಂದಿದೆ, ಮೇಷ್ಟ್ರುಗಳು ಮೊದಲು ಅದನ್ನ ಓದಲಿ.

"ಇದು ವಿಜ್ಞಾನ, ಜಾತಿ ಯಾಕೆ ತರತೀರಿ" ಅಂತಾರೆ. ಗಿಣಿಗೇರಿ, ಹಿರೇಬಗನಾಳ ಕಡೆ ಕಾರ್ಖಾನೆ ಕರಿಬೂದಿ ಯಾರ ಬೆಳೆ ಮೇಲೆ, ಯಾರ ಪುಪ್ಪುಸದೊಳಗೆ ಬೀಳತದ ಅಂತ ಅಳೆಯೋದು ವಿಜ್ಞಾನ ಅಲ್ಲವೇ? 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆ ವಿರುದ್ಧ ಇಡೀ ಕೊಪ್ಪಳ ಬಂದ್ ಆಯ್ತು. ಅದೇ ಹೊಗೆಯಲ್ಲಿ ದಿನಗೂಲಿಗೆ ಹೋಗೋರು ನಮ್ಮ ಹುಡುಗರೂ ಇದ್ದಾರೆ. 2006ರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲಿಗೆ ಮುಂಚೆ ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದನ್ನು ಓದಿ, ಎದ್ದು ನಿಂತು ಎರಡು ಪ್ರಶ್ನೆ ಕೇಳೋ ಹುಡುಗಿ ನಮ್ಮ ಕೇರಿಯಿಂದ ಬರಬೇಕು. ಅವಳನ್ನ ತಯಾರು ಮಾಡೋ ಪುಸ್ತಕವೇ ಒಳ್ಳೆ ಪುಸ್ತಕ.

ಈ ಮೂರೂ ಪ್ರಶ್ನೆ ದಾಟೋ ಒಂದೇ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ಹಂಗಾಗಿ ನನ್ನ ಸಲಹೆ: ಭರೂಚಾ ಪುಸ್ತಕ ಮೇಷ್ಟ್ರ ಕೈಯಲ್ಲಿರಲಿ, ಮೂಲ ವಿಜ್ಞಾನಕ್ಕೆ ಅದು ಸಾಕು. ಹುಡುಗರಿಗೆ ಕನ್ನಡದ ಪುಸ್ತಕವೇ ಆಗಲಿ. ಜೊತೆಗೆ ನಮ್ಮ ನಾಲ್ಕು ತಾಲ್ಲೂಕಿನ ಬಗ್ಗೆ ನಲವತ್ತು ಪುಟದ ಪುಸ್ತಿಕೆ ನಾವೇ ಮಾಡೋಣ. ಯುಜಿಸಿಯ ಆ ಪಠ್ಯದಲ್ಲಿ ನೂರಕ್ಕೆ 25 ಅಂಕ ಕ್ಷೇತ್ರಕಾರ್ಯಕ್ಕೇ ಇಟ್ಟಿದ್ದರು. ನೆಟ್ಟಿನಿಂದ ಇಳಿಸಿಕೊಂಡ ಫೋಟೋ ಅಂಟಿಸಿ ಆ ಅಂಕ ಹಂಚಿದ್ದೇ ಹೆಚ್ಚು. ಅದರ ಬದಲು ಹುಡುಗರು ಕೇರಿಯ ಬೋರಿನ ನೀರು, ಊರ ಚರಂಡಿ ಹರಿದು ನಿಲ್ಲೋ ಜಾಗ, ತೋಳ ಕಂಡ ಅಜ್ಜನ ಮಾತು ಬರೆದು ತರಲಿ.

ಪಾಠ ಮಾಡೋ ಗೆಳೆಯರು ಮುಂದೆ ಬನ್ನಿ. ಟೈಪಿಂಗ್, ಜೆರಾಕ್ಸ್ ನನ್ನ ಜವಾಬ್ದಾರಿ. ಭಾನುವಾರ ನನಗೆ ರಜೆ.

ಜೈಭೀಮ್.